ದಿನನಿತ್ಯದ ಮಿತವ್ಯಯ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಮನೆ ಲೆಕ್ಕ

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಆಡಳಿತದ ನಕ್ಷೆಯಲ್ಲಿ ಹಲವು ಸಲ ಕೈ ಬದಲಾಯಿಸಿವೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ಜಿಲ್ಲೆಗೆ ಬಂತು. ಕೊಟ್ಟೂರು ಮೊದಲು ಕೂಡ್ಲಿಗಿ ತಾಲ್ಲೂಕಿನ ಭಾಗವಾಗಿತ್ತು. ನಕ್ಷೆ ಬದಲಾದರೂ ಸಂಸಾರದ ಲೆಕ್ಕ ಬದಲಾಗಿಲ್ಲ. ತುಂಗಭದ್ರೆಯ ದಂಡೆ, ಮಾಲವಿ ಜಲಾಶಯದ ಕೆಳಗಿನ ಒಂದಿಷ್ಟು ಭೂಮಿ, ಏತ ನೀರಾವರಿ ಮುಟ್ಟಿದ ಕೆಲವು ಹಳ್ಳಿ, ಬೋರ್‌ವೆಲ್ ಇದ್ದವರ ತೋಟ ಬಿಟ್ಟರೆ ಉಳಿದದ್ದೆಲ್ಲ ಮಳೆ ನಂಬಿದ ಹೊಲ. ಜೋಳ, ಮೆಕ್ಕೆಜೋಳ, ಶೇಂಗಾ, ಸೂರ್ಯಕಾಂತಿ, ಹತ್ತಿ, ಈರುಳ್ಳಿ. ಹಣ ವರ್ಷಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ ಬರುತ್ತದೆ, ಖರ್ಚು ಮಾತ್ರ ದಿನಾಲೂ ಇರುತ್ತದೆ.

ಈ ಸೀಮೆಗೆ ಜೈನ ಪರಂಪರೆ ಹೊಸದಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ ಒಂದು ಕಾಲಕ್ಕೆ ‘ಕೋಗಳಿ ಐನೂರು’ ಎಂಬ ನಾಡಿನ ಕೇಂದ್ರ. ಅಲ್ಲಿನ 1055ರ ಶಾಸನ ಊರಿನ ಬಸದಿಯನ್ನು ಗಂಗ ದೊರೆ ದುರ್ವಿನೀತ ಕಟ್ಟಿಸಿದನೆಂದೂ, ಇಂದ್ರಕೀರ್ತಿ ಮುನಿಗಳು ಅದಕ್ಕೆ ದತ್ತಿ ನೀಡಿದರೆಂದೂ ಹೇಳುತ್ತದೆ. ಇಂದು ಈ ಪಟ್ಟಣಗಳಲ್ಲಿ ನಮ್ಮ ಸಮಾಜದ ಮನೆಗಳು ಲೆಕ್ಕಕ್ಕೆ ಸಿಗುವಷ್ಟೇ ಇವೆ. ಬಟ್ಟೆ, ಕಿರಾಣಿ, ಬಂಗಾರ, ಗೊಬ್ಬರ-ಬೀಜದ ಅಂಗಡಿ ನಡೆಸುವವರು, ಹೊಲ ಉಳ್ಳವರು, ಶಾಲೆ-ಕಚೇರಿಯ ನೌಕರರು. ಕೆಳಗಿನ ಲೆಕ್ಕ ಇವರನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದದ್ದು. ಇದರಲ್ಲಿ ಬಹುಪಾಲು ರಾಜ್ಯದ ಯಾವುದೇ ಒಣ ಸೀಮೆಯ ಕುಟುಂಬಕ್ಕೂ ಅನ್ವಯಿಸುತ್ತದೆ.

ಭೋಗ ಯಾವುದು, ಉಪಭೋಗ ಯಾವುದು

ಶ್ರಾವಕರ ವ್ರತಗಳಲ್ಲಿ ಪರಿಗ್ರಹ ಪರಿಮಾಣವೂ ಭೋಗೋಪಭೋಗ ಪರಿಮಾಣವೂ ನೇರವಾಗಿ ಮನೆ ಖರ್ಚಿಗೆ ಸಂಬಂಧಿಸಿದವು. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಒಂದು ಸಲ ಬಳಸಿದ ಮೇಲೆ ಮುಗಿದುಹೋಗುವ ಊಟದಂಥದ್ದು ಭೋಗ. ಮತ್ತೆ ಮತ್ತೆ ಬಳಕೆಗೆ ಬರುವ ಬಟ್ಟೆಯಂಥದ್ದು ಉಪಭೋಗ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ವಿಂಗಡಣೆ ಖರೀದಿಯ ಹೊತ್ತಿನಲ್ಲಿ ಇಂದಿಗೂ ಬಹಳ ಕೆಲಸಕ್ಕೆ ಬರುತ್ತದೆ.

ಉಪಭೋಗದ ವಸ್ತುವಿಗೆ ಬೆಲೆ ನೋಡುವುದಕ್ಕಿಂತ ಒಂದು ಬಳಕೆಗೆ ಎಷ್ಟು ಬಿತ್ತು ಎಂದು ನೋಡಬೇಕು. ₹20,000ದ ಸೀರೆಯನ್ನು ನಾಲ್ಕು ಸಲ ಉಟ್ಟರೆ ಒಂದು ಸಲಕ್ಕೆ ₹5,000. ₹1,200ರ ಹತ್ತಿ ಸೀರೆಯನ್ನು ಅರವತ್ತು ಸಲ ಉಟ್ಟರೆ ಒಂದು ಸಲಕ್ಕೆ ₹20. (ರೇಷ್ಮೆಯ ವಿಚಾರದಲ್ಲಿ ಅಹಿಂಸೆಯ ಪ್ರಶ್ನೆ ಬೇರೆಯೇ ಇದೆ. ಅದನ್ನು ಬಿಟ್ಟಿರುವ ಮನೆಗಳಿಗೆ ಈ ಲೆಕ್ಕದ ಅಗತ್ಯವೇ ಬೀಳುವುದಿಲ್ಲ.) ₹30,000ದ ಮೊಬೈಲ್ ಮೂರು ವರ್ಷ ಬಾಳಿದರೆ ವರ್ಷಕ್ಕೆ ₹10,000, ₹15,000ದ್ದು ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ ₹3,750. ಅಗ್ಗದ್ದನ್ನೇ ಕೊಳ್ಳಬೇಕೆಂದು ಇದರ ಅರ್ಥವಲ್ಲ. ದಿನಾ ಬಳಸುವ ಮಿಕ್ಸಿ, ಪಂಪ್‌ಸೆಟ್, ಚಪ್ಪಲಿ ಇಂಥವುಗಳಲ್ಲಿ ಗಟ್ಟಿಯಾದ ದುಬಾರಿ ಮಾಲೇ ಕೊನೆಗೆ ಅಗ್ಗ ಬೀಳುತ್ತದೆ.

ಅದೇ ಗ್ರಂಥದಲ್ಲಿ ಯಮ ಮತ್ತು ನಿಯಮ ಎಂಬ ಭೇದವೂ ಇದೆ. ಬದುಕಿರುವವರೆಗೂ ಹಿಡಿಯುವ ತ್ಯಾಗ ಯಮ. ಇಂದಿಗೆ, ಹದಿನೈದು ದಿನಕ್ಕೆ, ತಿಂಗಳಿಗೆ, ಒಂದು ಋತುವಿಗೆ ಎಂದು ಗಡುವು ಹಾಕಿಕೊಂಡದ್ದು ನಿಯಮ. ಖರ್ಚಿನ ವಿಷಯದಲ್ಲಿ ನಿಯಮವೇ ಕೈಗೆಟುಕುವಂಥದ್ದು. ‘ಇನ್ನು ಮೇಲೆ ಹೊಸ ಬಟ್ಟೆ ತರುವುದಿಲ್ಲ’ ಎಂಬ ಸಂಕಲ್ಪ ಮುಂದಿನ ಹಬ್ಬಕ್ಕೇ ಮುರಿಯುತ್ತದೆ. ‘ಚಾತುರ್ಮಾಸ ಮುಗಿಯುವವರೆಗೆ ಬಟ್ಟೆ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ’ ಎಂಬುದು ಉಳಿಯುತ್ತದೆ, ಏಕೆಂದರೆ ಅದಕ್ಕೆ ಕೊನೆಯ ದಿನವಿದೆ. ಚಾತುರ್ಮಾಸದ ನಾಲ್ಕು ತಿಂಗಳು ಈ ಸೀಮೆಯಲ್ಲಿ ಬಿತ್ತನೆ, ಗೊಬ್ಬರ, ಕಳೆ ಎಂದು ಕೈಯಿಂದ ಹಣ ಹೋಗುವ ಕಾಲವೂ ಹೌದು. ಆಗಲೇ ನಿಯಮ ಹಿಡಿದರೆ ಎರಡೂ ಕೂಡಿ ಬರುತ್ತವೆ.

ತಿಂಗಳ ಬಜೆಟ್ ಇಲ್ಲಿಗೆ ಒಗ್ಗುವುದಿಲ್ಲ

ಪತ್ರಿಕೆಗಳಲ್ಲಿ ಬರುವ ಉಳಿತಾಯದ ಸಲಹೆಗಳು ಬೆಂಗಳೂರಿನ ಸಂಬಳದಾರರಿಗೆ ಬರೆದವು. ಒಂದನೇ ತಾರೀಖಿಗೆ ಸಂಬಳ, ಅದರಲ್ಲಿ ಇಷ್ಟು ಪಾಲು ಬಾಡಿಗೆ, ಇಷ್ಟು ಪಾಲು ಉಳಿಕೆ. ಶೇಂಗಾ ಮಾರಿ ಒಮ್ಮೆಲೇ ₹2 ಲಕ್ಷ ಕೈಗೆ ಬಂದು, ಮುಂದಿನ ಎಂಟು ತಿಂಗಳು ಏನೂ ಬಾರದ ಮನೆಗೆ ಆ ಲೆಕ್ಕ ಹೊಂದುವುದಿಲ್ಲ. ಇಲ್ಲಿ ವರ್ಷದ ಲೆಕ್ಕವೇ ಸರಿ. ಸುಗ್ಗಿಯ ಹಣ ಬಂದ ವಾರದಲ್ಲೇ ಮುಂದಿನ ಹಂಗಾಮಿನ ಬೀಜ-ಗೊಬ್ಬರದ ಮೊತ್ತ, ಮಕ್ಕಳ ಫೀಸು, ವಿಮೆಯ ಕಂತು ಈ ಮೂರನ್ನು ಮೊದಲು ತೆಗೆದು ಬೇರೆ ಖಾತೆಗೆ ಹಾಕಬೇಕು. ಉಳಿದದ್ದನ್ನು ಮುಂದಿನ ಬೆಳೆ ಬರುವವರೆಗಿನ ತಿಂಗಳುಗಳಿಂದ ಭಾಗಿಸಿದರೆ ಬರುವ ಅಂಕಿಯೇ ಮನೆಯ ತಿಂಗಳ ಖರ್ಚಿನ ಮಿತಿ. ಭಾಗಿಸಿ ನೋಡಿದಾಗ ಅಂಕಿ ಗಾಬರಿ ಹುಟ್ಟಿಸುವಷ್ಟು ಸಣ್ಣದಿರುತ್ತದೆ. ಸುಗ್ಗಿಯಲ್ಲೇ ಅದು ಗೊತ್ತಾದರೆ ಬೇಸಿಗೆಯಲ್ಲಿ ಕೈಗಡ ಕೇಳುವ ಪ್ರಮೇಯ ಕಡಿಮೆ.

ಆಪತ್ತಿಗೆಂದು ಮೂರರಿಂದ ಆರು ತಿಂಗಳ ಖರ್ಚು ಕೈಯಲ್ಲಿರಲಿ ಎಂಬ ಮಾತೂ ನಗರದ್ದೇ. 2023ರ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಒಂದು ಮುಂಗಾರು ಹೋದರೆ ಆದಾಯ ನಿಲ್ಲುವುದು ವರ್ಷದ ಮಟ್ಟಿಗೆ. ಹೊಲವೇ ಆಧಾರವಾಗಿರುವ ಮನೆಗೂ, ಹೊಲದವರೇ ಗಿರಾಕಿಗಳಾಗಿರುವ ಅಂಗಡಿಗೂ ಹನ್ನೆರಡು ತಿಂಗಳ ಊಟ-ಔಷಧ-ಫೀಸಿನಷ್ಟಾದರೂ ಬದಿಗಿರಬೇಕು. ಒಂದೇ ಸುಗ್ಗಿಯಲ್ಲಿ ಅಷ್ಟು ಕೂಡುವುದಿಲ್ಲ. ಒಳ್ಳೆಯ ನಾಲ್ಕೈದು ವರ್ಷ ಬೇಕು.

ಅಂಗಡಿಯವರಿಗೆ ಇಲ್ಲಿ ಇನ್ನೊಂದು ತೊಡಕು. ಈ ಊರುಗಳ ವ್ಯಾಪಾರದಲ್ಲಿ ದೊಡ್ಡ ಪಾಲು ಉದ್ರಿ. ಬೆಳೆ ಬಂದ ಮೇಲೆ ಕೊಡುತ್ತೇನೆಂದು ರೈತ ಬಟ್ಟೆ, ಗೊಬ್ಬರ, ಕಿರಾಣಿ ಒಯ್ಯುತ್ತಾನೆ. ಖಾತೆ ಪುಸ್ತಕದಲ್ಲಿ ವ್ಯಾಪಾರ ಚೆನ್ನಾಗಿ ಕಾಣುತ್ತದೆ, ಗಲ್ಲಾದಲ್ಲಿ ಹಣ ಇರುವುದಿಲ್ಲ. ಹಾಗಿದ್ದೂ ಮನೆಯ ಖರ್ಚು ಖಾತೆ ಪುಸ್ತಕದ ಅಂಕಿಯಂತೆ ನಡೆಯತೊಡಗಿದರೆ ಹೋಲ್‌ಸೇಲ್ ಬಾಕಿ ಏರುತ್ತದೆ, ಅದನ್ನು ತೀರಿಸಲು ಸಾಲ ಬೇಕಾಗುತ್ತದೆ. ವಸೂಲಾದ ಹಣವಷ್ಟೇ ಆದಾಯ. ಗಲ್ಲಾದಿಂದ ಬೇಕಾದಾಗೆಲ್ಲ ನೋಟು ಎತ್ತಿಕೊಳ್ಳುವುದನ್ನು ಬಿಟ್ಟು ಮನೆಗೆ ತಿಂಗಳಿಗೆ ಇಷ್ಟು ಎಂದು ನಿಗದಿಮಾಡಿ ಒಂದೇ ದಿನ ತೆಗೆದುಕೊಳ್ಳುವ ಪದ್ಧತಿ ಅಂಗಡಿಯನ್ನೂ ಮನೆಯನ್ನೂ ಉಳಿಸುತ್ತದೆ. ಅಣ್ಣ-ತಮ್ಮ ಕೂಡಿ ನಡೆಸುವ ಅಂಗಡಿಯಲ್ಲಂತೂ ಇದಿಲ್ಲದಿದ್ದರೆ ಮನಸ್ತಾಪ ತಪ್ಪದು.

ಅಡುಗೆ ಮನೆ

ಸುಗ್ಗಿಯಲ್ಲಿ ಕಾಳು ತುಂಬಿಸಿಕೊಳ್ಳುವುದು ಈ ಕಡೆಯ ಹಳೆಯ ರೂಢಿ. ಜೋಳ, ತೊಗರಿ, ಶೇಂಗಾ ಬೆಳೆಯುವ ಊರಿನಲ್ಲೇ ಇದ್ದುಕೊಂಡು ಪೊಟ್ಟಣದಲ್ಲಿ ಕೊಳ್ಳುವುದರಲ್ಲಿ ಅರ್ಥವಿಲ್ಲ. ಆದರೆ ಕಾಳು ಬೇರೆ, ಹಿಟ್ಟು ಬೇರೆ. ನಮ್ಮ ಪರಂಪರೆಯಲ್ಲಿ ಹಿಟ್ಟಿಗೆ ಮರ್ಯಾದೆ, ಅಂದರೆ ಅವಧಿಯ ಮಿತಿ ಇದೆ: ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು ದಿನ, ಚಳಿಗಾಲದಲ್ಲಿ ಏಳು ದಿನ. ಹತ್ತು ಕಿಲೋ ಹಿಟ್ಟಿನ ಚೀಲ ರಿಯಾಯಿತಿಯಲ್ಲಿ ಸಿಕ್ಕಿತೆಂದು ತಂದರೆ ಈ ಮಿತಿಯಲ್ಲಿ ಖಾಲಿಯಾಗುವುದಿಲ್ಲ. ಹುಳ ಬಿದ್ದು ಜೀವಹಾನಿಯೂ ಆಗುತ್ತದೆ, ಹಣವೂ ಹೋಗುತ್ತದೆ. ಕಾಳನ್ನು ಬಿಸಿಲಿಗೆ ಒಣಗಿಸಿ ಡಬ್ಬಿ ತುಂಬಿ, ವಾರಕ್ಕೆ ಬೇಕಾದಷ್ಟೇ ಗಿರಣಿಗೆ ಹಾಕಿಸುವುದು ಧರ್ಮದ ದೃಷ್ಟಿಯಿಂದಲೂ ಜೇಬಿನ ದೃಷ್ಟಿಯಿಂದಲೂ ಸರಿಯಾಗುತ್ತದೆ.

ಸೂರ್ಯಾಸ್ತದೊಳಗೆ ಊಟ ಮುಗಿಸುವ ಮನೆಗಳಲ್ಲಿ ರಾತ್ರಿಯ ಹೋಟೆಲ್ ಖರ್ಚು ತಾನಾಗಿಯೇ ಇಲ್ಲ. ವ್ರತ ಹಿಡಿದವರು ಉಳಿತಾಯಕ್ಕೆಂದು ಹಿಡಿಯುವುದಿಲ್ಲ, ಆದರೂ ಮಕ್ಕಳು ಕಾಲೇಜಿಗೆಂದು ದಾವಣಗೆರೆಗೋ ಹುಬ್ಬಳ್ಳಿಗೋ ಹೋದ ಮೇಲೆ ತಿಂಗಳ ಖರ್ಚು ಎಲ್ಲಿ ಏರಿತೆಂದು ನೋಡಿದರೆ ಬಹಳ ಸಲ ಸಿಗುವುದು ರಾತ್ರಿಯ ತಿಂಡಿಯ ಬಿಲ್ಲುಗಳೇ.

ಉಳಿತಾಯ ಮಾಡಬಾರದ ಒಂದು ಜಾಗವೂ ಅಡುಗೆ ಮನೆಯಲ್ಲೇ ಇದೆ. ಈ ಸೀಮೆಯ ಅನೇಕ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಇದೆ. ನೀರನ್ನು ಬಟ್ಟೆಯಲ್ಲಿ ಸೋಸಿ ಕಾಯಿಸಿ ಕುಡಿಯುವ ನಮ್ಮ ರೂಢಿ ಜೀವಾಣುಗಳ ವಿಷಯದಲ್ಲಿ ಒಳ್ಳೆಯದು, ಆದರೆ ಸೋಸಿದರೂ ಕಾಯಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಹೆಚ್ಚು ಕಾಯಿಸಿದಷ್ಟೂ ನೀರು ಆವಿಯಾಗಿ ಅದರ ಅಂಶ ಇನ್ನೂ ಗಟ್ಟಿಯಾಗುತ್ತದೆ. ಮಕ್ಕಳ ಹಲ್ಲು ಕಂದುಗಟ್ಟುವುದು, ದೊಡ್ಡವರ ಮೊಣಕಾಲು-ಬೆನ್ನು ಹಿಡಿದುಕೊಳ್ಳುವುದು ಇದರ ಪರಿಣಾಮ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುವ ಖರ್ಚನ್ನು, ಅಥವಾ ಮನೆಯ ಆರ್‌ಒ ಯಂತ್ರಕ್ಕೆ ಕಾಲಕಾಲಕ್ಕೆ ಹೊಸ ಫಿಲ್ಟರ್ ಹಾಕಿಸುವ ಖರ್ಚನ್ನು ಎಂದೂ ಕಡಿತ ಮಾಡಬೇಡಿ.

ನೂರಕ್ಕೆ ಎರಡು ರೂಪಾಯಿ

ಈ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯ ಇರುವವರು ಇದನ್ನೇ ಓದಲಿ. ‘ನೂರಕ್ಕೆ ಎರಡು ರೂಪಾಯಿ ಬಡ್ಡಿ’ ಎಂಬುದು ಕೇಳಲು ಬಹಳ ಹಗುರ. ಅದು ತಿಂಗಳಿನ ಲೆಕ್ಕ. ವರ್ಷಕ್ಕೆ ಶೇ 24. ಮೂರು ರೂಪಾಯಿ ಬಡ್ಡಿ ಎಂದರೆ ಶೇ 36. ಮದುವೆಗೋ ಬೋರ್‌ವೆಲ್‌ಗೋ ₹3 ಲಕ್ಷ ಎರಡು ರೂಪಾಯಿ ಬಡ್ಡಿಗೆ ತಂದವರು ತಿಂಗಳಿಗೆ ₹6,000, ವರ್ಷಕ್ಕೆ ₹72,000 ಬಡ್ಡಿಯನ್ನೇ ಕಟ್ಟುತ್ತಾರೆ. ಮೂರು ವರ್ಷ ತಪ್ಪದೆ ಕಟ್ಟಿದರೆ ₹2,16,000 ಹೋಗಿರುತ್ತದೆ, ಅಸಲು ₹3 ಲಕ್ಷ ಹಾಗೇ ನಿಂತಿರುತ್ತದೆ. ಮಧ್ಯೆ ಒಂದು ಬರ ಬಂದು ಬಡ್ಡಿ ನಿಂತರೆ ಅದೂ ಅಸಲಿಗೆ ಸೇರುತ್ತದೆ.

ಅದೇ ಮನೆಯಲ್ಲಿ ಕಪಾಟಿನೊಳಗೆ ಬಂಗಾರ ಇರುತ್ತದೆ. ಅದನ್ನು ಬ್ಯಾಂಕಿನಲ್ಲಿಟ್ಟು ಶೇ 10ರಂತೆ ಸಾಲ ತಂದರೆ ಆ ₹3 ಲಕ್ಷಕ್ಕೆ ವರ್ಷಕ್ಕೆ ಬಡ್ಡಿ ₹30,000. ವ್ಯತ್ಯಾಸ ₹42,000. ‘ಬಂಗಾರ ಇಟ್ಟರೆಂದು ಯಾರಿಗಾದರೂ ಗೊತ್ತಾದೀತು’ ಎಂಬ ಸಂಕೋಚದ ಬೆಲೆ ವರ್ಷಕ್ಕೆ ₹42,000 ಎಂದಾಯಿತು. ರೈತರಿಗೆ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲ ಇದಕ್ಕಿಂತಲೂ ಅಗ್ಗ. ಕೈಸಾಲದ ಮುಂಚೆ ಇವನ್ನೆಲ್ಲ ಕೇಳಿ ನೋಡಬೇಕು.

ಇದರ ಇನ್ನೊಂದು ಬದಿಯನ್ನೂ ಹೇಳದೆ ಇರಲಾಗದು. ನಮ್ಮವರಲ್ಲಿ ಗಿರವಿ, ಲೇವಾದೇವಿ ನಡೆಸುವವರೂ ಇದ್ದಾರೆ. ಅದಕ್ಕೆ 1961ರ ಕರ್ನಾಟಕದ ಕಾಯ್ದೆಗಳಂತೆ ಪರವಾನಗಿ ಬೇಕು, ಬಡ್ಡಿಗೆ ಮಿತಿ ಇದೆ, ರಸೀದಿ ಕೊಡಬೇಕು. 2025ರಲ್ಲಿ ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತಂದಿತು. ಕೊಡುವವರ ಪರಿಗ್ರಹಕ್ಕೂ ಪರಿಮಾಣ ಇದ್ದರೆ ಚೆಂದ.

ಹೊಸ ರೂಪದ ಸಾಲಗಳೂ ಬಂದಿವೆ. ‘ಬಡ್ಡಿಯಿಲ್ಲದ ಕಂತು’ ಎಂದು ಟಿವಿ, ಮೊಬೈಲ್ ಮಾರುವಲ್ಲಿ ನಗದಿಗೆ ಸಿಗುತ್ತಿದ್ದ ರಿಯಾಯಿತಿ ಹೋಗಿರುತ್ತದೆ, ಪ್ರೊಸೆಸಿಂಗ್ ಶುಲ್ಕ ಸೇರಿರುತ್ತದೆ. ನಗದು ಕೊಟ್ಟರೆ ಎಷ್ಟು ಎಂದು ಒಂದು ಮಾತು ಕೇಳಿದರೆ ಸಾಕು, ನಿಜವಾದ ಬಡ್ಡಿ ಹೊರಬೀಳುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ‘ಕನಿಷ್ಠ ಮೊತ್ತ’ ಮಾತ್ರ ಕಟ್ಟುತ್ತ ಹೋದರೆ ಬಾಕಿಯ ಮೇಲೆ ಬೀಳುವ ಬಡ್ಡಿ ತಿಂಗಳಿಗೆ ಮೂರು ರೂಪಾಯಿಯ ಆಸುಪಾಸು. ನಾವು ಹೆದರುವ ಲೇವಾದೇವಿಗಿಂತ ಕಡಿಮೆ ಏನಲ್ಲ. ಆ್ಯಪ್ ಮೂಲಕ ಐದು ನಿಮಿಷದಲ್ಲಿ ಸಿಗುವ ಸಾಲದ ಗೋಜಿಗೆ ಹೋಗಲೇಬಾರದು.

ಬಂಗಾರ: ಆಭರಣವೋ ಉಳಿತಾಯವೋ

‘ಬಂಗಾರ ಎಲ್ಲಿಗೆ ಹೋಗುತ್ತೆ, ಇದ್ದೇ ಇರುತ್ತೆ’ ಎಂದು ಮನೆಯ ಹಿರಿಯರು ಹೇಳುವುದು ಅರ್ಧ ಸರಿ. ಲೆಕ್ಕಕ್ಕೆ ಸುಲಭವಾಗಲೆಂದು ಗ್ರಾಂಗೆ ₹10,000 ಎಂದಿಟ್ಟುಕೊಳ್ಳೋಣ. 20 ಗ್ರಾಂ ಸರದ ಬಂಗಾರಕ್ಕೆ ₹2,00,000. ಮಜೂರಿ-ವೇಸ್ಟೇಜ್ ಸೇರಿ ಶೇ 12 ಎಂದರೆ ₹24,000. ಒಟ್ಟಿನ ಮೇಲೆ ಶೇ 3 ಜಿಎಸ್‌ಟಿ ₹6,720. ಕೈಯಿಂದ ಹೋದದ್ದು ₹2,30,720. ಅದೇ ಸಂಜೆ ಮಾರಹೋದರೆ ಸಿಗುವುದು ಹೆಚ್ಚೆಂದರೆ ಬಂಗಾರದ ₹2,00,000. ದರ ಶೇ 15ರಷ್ಟು ಏರುವವರೆಗೆ ಕೊಂಡವರಿಗೆ ಲಾಭ ಆರಂಭವೇ ಆಗುವುದಿಲ್ಲ. ತೊಡುವುದಕ್ಕೆ ಕೊಳ್ಳುವುದಾದರೆ ಈ ₹30,720 ಉಪಭೋಗದ ಖರ್ಚು, ತಪ್ಪೇನಿಲ್ಲ. ಕಪಾಟಿನಲ್ಲಿಡುವುದಕ್ಕೆ ಕೊಳ್ಳುವುದಾದರೆ ಮಜೂರಿ ಕೊಡುವುದೇ ವ್ಯರ್ಥ. ನಾಣ್ಯ-ಗಟ್ಟಿ ಅಥವಾ ಗೋಲ್ಡ್ ಫಂಡ್ ಮೇಲು. ಹಳೆಯ ಸರ ಮುರಿಸಿ ಹೊಸ ಡಿಸೈನ್ ಮಾಡಿಸುವವರು ಪ್ರತಿ ಸಲವೂ ಈ ಮಜೂರಿಯನ್ನು ಮತ್ತೆ ಕೊಡುತ್ತಾರೆ. ಹತ್ತು ವರ್ಷದಲ್ಲಿ ಮೂರು ಸಲ ಮುರಿಸಿದರೆ ಮೂರನೇ ಒಂದು ಭಾಗದಷ್ಟು ಬಂಗಾರ ಕರಗಿದಂತೆಯೇ.

ಕೊಳ್ಳುವಾಗ ಹಾಲ್‌ಮಾರ್ಕ್ ನೋಡಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆಭರಣದ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಆಭರಣ ಯಾವುದು, ಶುದ್ಧತೆ ಎಷ್ಟು ಎಂದು ತೋರಿಸುತ್ತದೆ. ಹರಳಿನ ತೂಕವನ್ನು ಬಂಗಾರದ ದರದಲ್ಲಿ ಹಾಕಿಲ್ಲ ಎಂಬುದನ್ನು ಬಿಲ್ಲಿನಲ್ಲಿ ಖಚಿತಪಡಿಸಿಕೊಳ್ಳಬೇಕು. ಬಿಲ್ ಬೇಡವೆಂದರೆ ಜಿಎಸ್‌ಟಿ ಉಳಿಯುತ್ತದೆ ಎನ್ನುವವರಿದ್ದಾರೆ. ಮುಂದೆ ತಕರಾರು ಬಂದರೆ ಕೈಯಲ್ಲಿ ಏನೂ ಇರುವುದಿಲ್ಲ.

ಮದುವೆ

ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಸಮಂತಭದ್ರರು ಎಣಿಸುವಾಗ ಅತಿಸಂಗ್ರಹ, ಲೋಭಗಳ ಜೊತೆಗೆ ‘ವಿಸ್ಮಯ’ವನ್ನೂ ಸೇರಿಸಿದ್ದಾರೆ. ಇನ್ನೊಬ್ಬರ ಸಂಪತ್ತನ್ನು ಕಂಡು ಬೆರಗಾಗುವುದು ಎಂದರ್ಥ. ಕಲ್ಯಾಣ ಮಂಟಪದಲ್ಲಿ ಕುಳಿತ ಹೆಣ್ಣಿನ ತಂದೆ-ತಾಯಿಗಳ ಮನಸ್ಸಿನಲ್ಲಿ ನಡೆಯುವುದನ್ನು ಇದಕ್ಕಿಂತ ಚಿಕ್ಕ ಶಬ್ದದಲ್ಲಿ ಹೇಳಲಾಗದು. ‘ಅವರ ಮನೆಯಲ್ಲಿ ಸಾವಿರ ಎಲೆ ಹಾಕಿದ್ದರು’ ಎಂಬಲ್ಲಿಂದ ಸಾಲದ ಕಾಗದದವರೆಗೆ ದೂರ ಬಹಳವಿಲ್ಲ.

ಕಡಿತಕ್ಕೆ ಜಾಗಗಳಿವೆ. ಊಟ ಒಬ್ಬರಿಗೆ ₹250 ಎಂದರೆ ಸಾವಿರದಿಂದ ಆರುನೂರಕ್ಕೆ ಇಳಿಸಿದಾಗ ₹1 ಲಕ್ಷ ಉಳಿಯುತ್ತದೆ. ಹಗಲಿನಲ್ಲೇ ಲಗ್ನ, ಹಗಲಿನಲ್ಲೇ ಊಟ, ಸಂಜೆಯೊಳಗೆ ಬೀಳ್ಕೊಡುಗೆ ಎಂದು ನಿಶ್ಚಯಿಸಿದರೆ ಮಂಟಪದ ಎರಡನೇ ದಿನದ ಬಾಡಿಗೆ, ದೀಪಾಲಂಕಾರ, ಜನರೇಟರ್, ಆರತಕ್ಷತೆಯ ಇನ್ನೊಂದು ಊಟ ಎಲ್ಲವೂ ಒಟ್ಟಿಗೆ ಹೋಗುತ್ತವೆ. ರಾತ್ರಿ ಭೋಜನ ಬಿಟ್ಟ ಸಮಾಜದವರು ರಾತ್ರಿ ಆರತಕ್ಷತೆಗೆ ಸಾವಿರ ಜನರನ್ನು ಊಟಕ್ಕೆ ಕರೆಯುವುದು ಹೇಗೆ ಒಗ್ಗುತ್ತದೆ ಎಂದು ಈಗ ಯುವಕರೇ ಕೇಳತೊಡಗಿದರೆ ಒಳ್ಳೆಯದು. ಹೂವಿನ ವಿಷಯದಲ್ಲಿ ಈ ಸೀಮೆ ಅದೃಷ್ಟವಂತ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆಯೇ ಇದೆ. ಮಂಟಪಕ್ಕೆ ದೂರದ ಊರಿನಿಂದ ಹೂವಿನ ಪರದೆ ತರಿಸುವ ಬದಲು ಬೆಳೆಗಾರರಿಂದ ನೇರವಾಗಿ ಕೊಂಡರೆ ಇಬ್ಬರಿಗೂ ಲಾಭ. ಹೂವು ಒಂದೇ ಸಲದ ಭೋಗ ಎಂಬುದು ನೆನಪಿರಲಿ.

ವರದಕ್ಷಿಣೆ 1961ರ ಕಾಯ್ದೆಯಂತೆ ಅಪರಾಧ. ಕೊಡುವುದೂ, ಕೇಳುವುದೂ, ತೆಗೆದುಕೊಳ್ಳುವುದೂ. ‘ನಾವೇನೂ ಕೇಳಲಿಲ್ಲ, ಅವರೇ ಕಾರು ಕೊಟ್ಟರು’ ಎಂಬ ಮಾತಿನಿಂದ ಆ ಮನೆಯ ಸಾಲ ತೀರುವುದಿಲ್ಲ. ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1972ರಲ್ಲಿ ಆರಂಭಿಸಿದ ಸಾಮೂಹಿಕ ವಿವಾಹ ಇಂದಿಗೂ ನಡೆಯುತ್ತಿದೆ. ಎಲ್ಲ ಸಮಾಜದವರೂ ಅಲ್ಲಿ ಮದುವೆಯಾಗುತ್ತಾರೆ. ನಮ್ಮ ಉಳ್ಳವರ ಮನೆಯಿಂದ ಅಂಥದ್ದೊಂದು ಸರಳ ಮದುವೆ ಮೊದಲು ಆದರೆ ಇಲ್ಲದವರಿಗೆ ಹಾದಿ ಸುಲಭ. ಇಲ್ಲದವರೇ ಮೊದಲು ಮಾಡಲಿ ಎಂದರೆ ಅದು ಬಡತನದ ಗುರುತಾಗಿಬಿಡುತ್ತದೆ.

ಉಳಿದ ಹಣ ಎಲ್ಲಿರಬೇಕು

ಬ್ಯಾಂಕಿನ ಠೇವಣಿಗೆ ಒಬ್ಬ ಠೇವಣಿದಾರರಿಗೆ, ಒಂದು ಬ್ಯಾಂಕಿಗೆ, ಬಡ್ಡಿ ಸೇರಿ ₹5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರುವರಿ 4ಕ್ಕೆ ಮುಂಚೆ ಇದು ₹1 ಲಕ್ಷವಿತ್ತು. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಅನ್ವಯಿಸುತ್ತದೆ. ಆದರೆ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ ಎಂಬ ಫಲಕದಡಿ ನಡೆಯುವ ಸಂಸ್ಥೆಗಳು ಬ್ಯಾಂಕುಗಳಲ್ಲ. ಅಲ್ಲಿನ ಠೇವಣಿಗೆ ಈ ವಿಮೆ ಇಲ್ಲ. ಇದು ಬಹಳ ಮನೆಗಳಿಗೆ ತಿಳಿಯದ ಸಂಗತಿ. ಪರಿಚಯದವರೇ ನಿರ್ದೇಶಕರು, ಸಮಾಜದವರೇ ಅಧ್ಯಕ್ಷರು ಎಂಬ ವಿಶ್ವಾಸದಿಂದ ನಿವೃತ್ತಿಯ ಪೂರ್ತಿ ಮೊತ್ತವನ್ನು ಇಡುವವರಿದ್ದಾರೆ. ಚೆನ್ನಾಗಿ ನಡೆಯುವ ಸಂಘಗಳೂ ಬೇಕಾದಷ್ಟಿವೆ, ಅದರಲ್ಲಿ ಮಾತಿಲ್ಲ. ಆದರೂ ಲೆಕ್ಕ ಹೀಗಿದೆ: ಬ್ಯಾಂಕಿನಲ್ಲಿ ಶೇ 7, ಸಂಘದಲ್ಲಿ ಶೇ 10 ಎಂದರೆ ₹10 ಲಕ್ಷಕ್ಕೆ ವರ್ಷಕ್ಕೆ ಹೆಚ್ಚು ಸಿಗುವುದು ₹30,000. ಸಂಘ ಮುಳುಗಿ ಅಸಲು ಹೋದರೆ ಆ ಹೆಚ್ಚಿನ ಬಡ್ಡಿಯಿಂದ ಅದನ್ನು ತುಂಬಿಕೊಳ್ಳಲು ಮೂವತ್ತಮೂರು ವರ್ಷ ಬೇಕು. ಸಂಘದ ವಾರ್ಷಿಕ ವರದಿ ಕೇಳಿ ಓದುವುದು, ಸುಸ್ತಿ ಸಾಲ ಎಷ್ಟಿದೆ ನೋಡುವುದು, ಸರ್ವಸದಸ್ಯರ ಸಭೆಗೆ ಹೋಗುವುದು ಇವು ಅವಿಶ್ವಾಸದ ಕೆಲಸಗಳಲ್ಲ. ಹಣವನ್ನು ಎರಡು-ಮೂರು ಕಡೆ ಹಂಚಿಡುವುದೂ ಅಷ್ಟೇ.

ಚೀಟಿ ಹಾಕುವವರು ನೋಂದಾಯಿತ ಚೀಟಿಗೇ ಹಾಕಲಿ. 1982ರ ಕಾಯ್ದೆಯಂತೆ ನಡೆಯುವ ಚೀಟಿಯಲ್ಲಿ ನಡೆಸುವವರ ಕಮಿಷನ್ ಶೇ 7 ಮೀರುವಂತಿಲ್ಲ. ಓಣಿಯ ಚೀಟಿಗೆ ಹಾಗೆ ಯಾವ ಕಾಗದವೂ ಇಲ್ಲ.

ಸಪ್ತ ವ್ಯಸನಗಳಲ್ಲಿ ಮೊದಲನೆಯದು ಜೂಜು. ಇಂದಿನ ಮನೆಗಳಲ್ಲಿ ಅದು ಎಲೆಯ ರೂಪದಲ್ಲಿ ಕಾಣುವುದಿಲ್ಲ, ಮೊಬೈಲಿನಲ್ಲಿ ಕಾಣುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಷೇರು ಪೇಟೆಯ ಫ್ಯೂಚರ್ಸ್-ಆಪ್ಷನ್ಸ್ ನಿಷಿದ್ಧವಲ್ಲ, ಆದರೆ 2024ರಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದಂತೆ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಅದರಲ್ಲಿ ತೊಡಗಿದ ವೈಯಕ್ತಿಕ ಹೂಡಿಕೆದಾರರ ಪೈಕಿ ಶೇ 93ರಷ್ಟು ಮಂದಿ ಕಳೆದುಕೊಂಡಿದ್ದಾರೆ. ವ್ಯಾಪಾರಿ ಮನೆಯ ಹುಡುಗರು ‘ಇದೂ ವ್ಯಾಪಾರವೇ’ ಎಂದು ವಾದಿಸುತ್ತಾರೆ. ನೂರರಲ್ಲಿ ತೊಂಬತ್ತಮೂರು ಅಂಗಡಿ ಮುಚ್ಚುವ ಬೀದಿಯಲ್ಲಿ ಅಂಗಡಿ ಹಾಕಲು ಅವರ ಅಜ್ಜ ಬಾಡಿಗೆ ಕೊಡುತ್ತಿದ್ದರೇ ಎಂದು ಕೇಳಿ ನೋಡಬಹುದು.

ಕಾಯಿಲೆ, ಕರೆಂಟು, ಓದು

ಆರೋಗ್ಯ ವಿಮೆಯನ್ನು ಉಳಿತಾಯದ ಹೆಸರಿನಲ್ಲಿ ಬಿಡಬಾರದು. ವೈಯಕ್ತಿಕ ಆರೋಗ್ಯ ವಿಮೆ ಮತ್ತು ಜೀವ ವಿಮೆಯ ಕಂತಿನ ಮೇಲೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ, ಎಪಿಎಲ್‌ನವರಿಗೆ ಖರ್ಚಿನ ಶೇ 30ರಷ್ಟು ₹1.5 ಲಕ್ಷ ಮೀರದಂತೆ ನೆರವು ಇದೆ. ಬಿಪಿ-ಸಕ್ಕರೆ ಕಾಯಿಲೆಯ ದಿನಾಲಿನ ಮಾತ್ರೆಗಳನ್ನು ವೈದ್ಯರನ್ನು ಕೇಳಿ ಜನೌಷಧಿ ಕೇಂದ್ರದಲ್ಲಿ ತಂದರೆ ತಿಂಗಳ ಬಿಲ್ಲು ತುಂಬಾ ಇಳಿಯುತ್ತದೆ.

ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು, ಹಾಗಾಗಿ ಏಪ್ರಿಲ್-ಮೇನಲ್ಲಿ ಮೀಟರ್ ಮೇಲೆ ಒಂದು ಕಣ್ಣಿರಲಿ. ಅಂಗಡಿಯ ಮೀಟರ್‌ಗೆ ಈ ಸೌಲಭ್ಯ ಇಲ್ಲ. ಕರೆಂಟು ಹೆಚ್ಚು ಸುಡುವ ಮನೆಗಳಿಗೆ ಛಾವಣಿ ಸೌರಫಲಕದ ಕೇಂದ್ರ ಯೋಜನೆಯಲ್ಲಿ 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟದ್ದಕ್ಕೆ ₹78,000 ಸಹಾಯಧನವಿದೆ. ಈ ಸೀಮೆಯಲ್ಲಿ ಬಿಸಿಲಿಗೇನೂ ಕೊರತೆಯಿಲ್ಲ.

2014ರ ಜನವರಿ 27ರಿಂದ ಜೈನರು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯ. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಶೈಕ್ಷಣಿಕ ಸಾಲಕ್ಕೆ ನಮ್ಮ ಮಕ್ಕಳೂ ಅರ್ಜಿ ಹಾಕಬಹುದು. ಸಿಇಟಿ ಫಲಿತಾಂಶದ ನಂತರ ಪ್ರಮಾಣಪತ್ರಕ್ಕೆ ಓಡಾಡುವ ಬದಲು ಜಾತಿ-ಆದಾಯ ಪತ್ರ ಮೊದಲೇ ಮಾಡಿಸಿಡಬೇಕು. ಎರಡು ರೂಪಾಯಿ ಬಡ್ಡಿಗೆ ಫೀಸು ಕಟ್ಟಿದ ಮನೆಗಳಲ್ಲಿ ಎಷ್ಟೋ ಮನೆಗಳಿಗೆ ಈ ಸಾಲ ಸಿಗುತ್ತಿತ್ತು, ಅರ್ಜಿ ಹಾಕಿರಲಿಲ್ಲ ಅಷ್ಟೆ.

ದಾನವೂ ಲೆಕ್ಕದೊಳಗೆ

ಕೋಗಳಿಯ ಚೆನ್ನಪಾರ್ಶ್ವನಾಥನಿಗೆ 13ನೇ ಶತಮಾನದಲ್ಲಿ, ಹೊಯ್ಸಳ ರಾಮನಾಥನ ಕಾಲದಲ್ಲಿ ಹೊನ್ನಿನ ದತ್ತಿ ಬಂದದ್ದು ಶಾಸನದಲ್ಲಿದೆ. ಅದೇ ಶತಮಾನದ ಶ್ರವಣಬೆಳಗೊಳದ ಶಾಸನಗಳನ್ನು ನೋಡಿದರೆ ದಾನಿಗಳ ಜಾಣ್ಮೆ ಕಾಣುತ್ತದೆ. ಕೆಲವೇ ಗದ್ಯಾಣಗಳನ್ನು ಇಟ್ಟು, ಅದರ ಬಡ್ಡಿಯಿಂದ ಗೊಮ್ಮಟದೇವರ ಅಭಿಷೇಕಕ್ಕೆ ದಿನವೂ ಇಷ್ಟು ಹಾಲು ಸಲ್ಲಬೇಕೆಂದು ಬರೆಸಿದ್ದಾರೆ. ಅಸಲು ಮುಟ್ಟುವಂತಿಲ್ಲ, ಬಡ್ಡಿಯಿಂದ ಸೇವೆ. ಸಣ್ಣ ಮೊತ್ತವನ್ನೂ ಹೀಗೆ ಶಾಶ್ವತ ಮಾಡಬಹುದಿತ್ತು.

ಇಂದಿನ ಮನೆಗೆ ಇದರಿಂದ ತೆಗೆದುಕೊಳ್ಳಬಹುದಾದದ್ದು ಇಷ್ಟು. ಆಹಾರ, ಔಷಧ, ಶಾಸ್ತ್ರ, ಅಭಯ ದಾನಗಳಿಗೆ ವರ್ಷಕ್ಕೆ ಎಷ್ಟು ಎಂಬುದನ್ನು ವರ್ಷದ ಆರಂಭದಲ್ಲೇ ಮನೆಯವರು ಕೂತು ನಿಶ್ಚಯಿಸಬೇಕು. ಪೂಜೆಯ ಬೋಲಿಗೆ ಕೂರುವ ಮುನ್ನ ತಮ್ಮ ಮಿತಿಯ ಅಂಕಿ ಮನಸ್ಸಿನಲ್ಲಿರಬೇಕು, ಉತ್ಸಾಹದಲ್ಲಿ ಕೂಗಿದ ಮೊತ್ತವನ್ನು ವರ್ಷಗಟ್ಟಲೆ ಬಾಕಿ ಉಳಿಸಿಕೊಳ್ಳುವುದು ದಾನಿಗೂ ಒಳ್ಳೆಯದಲ್ಲ, ಬಸದಿಯ ಲೆಕ್ಕಕ್ಕೂ ಒಳ್ಳೆಯದಲ್ಲ. ಸಾಲ ತಂದು ಬೋಲಿ ಹಿಡಿಯುವುದಂತೂ ಬೇಡ. ಬರದ ವರ್ಷದಲ್ಲಿ ಹಣದ ದಾನ ಕಡಿಮೆಯಾದರೆ ಗೋಶಾಲೆಗೆ ಒಂದು ಗಾಡಿ ಸೊಪ್ಪೆ ಕಳಿಸುವುದೂ ದಾನವೇ.

ದೀಪಾವಳಿಯಂದು ಮಹಾವೀರ ಸ್ವಾಮಿಯ ನಿರ್ವಾಣ. ಮಾರನೆಯ ದಿನದಿಂದ ವೀರ ನಿರ್ವಾಣ ಸಂವತ್ಸರದ ಹೊಸ ವರ್ಷ. ಅಂಗಡಿಗಳಲ್ಲಿ ಹೊಸ ಕಿರ್ದಿ, ಹೊಸ ಖಾತೆ ಪುಸ್ತಕ ಆರಂಭಿಸುವ ದಿನ. ಅಂದೇ ಮನೆಗೂ ಒಂದು ನೂರು ಪುಟದ ನೋಟ್‌ಬುಕ್ ತರಬಹುದು. ಮೊದಲ ಪುಟದಲ್ಲಿ ಕೊಡಬೇಕಾದ ಸಾಲ ಯಾರಿಗೆ, ಎಷ್ಟು ಬಡ್ಡಿಗೆ. ಎರಡನೇ ಪುಟದಲ್ಲಿ ಬರಬೇಕಾದದ್ದು ಯಾರಿಂದ. ಮೂರನೆಯದರಲ್ಲಿ ಠೇವಣಿ, ವಿಮೆ, ಚೀಟಿಗಳ ವಿವರ, ಯಾವ ಕಾಗದ ಯಾವ ಪೆಟ್ಟಿಗೆಯಲ್ಲಿದೆ, ನಾಮಿನಿ ಯಾರು ಎಂಬುದು. ಈ ಮೂರನೇ ಪುಟ ಮನೆಯ ಹೆಣ್ಣುಮಕ್ಕಳಿಗೂ ಗೊತ್ತಿರಬೇಕು. ಯಜಮಾನರು ಇದ್ದಕ್ಕಿದ್ದಂತೆ ತೀರಿಕೊಂಡ ಮನೆಗಳಲ್ಲಿ ಉದ್ರಿ ಕೊಡಬೇಕಾದವರು ಸುಮ್ಮನಾಗಿ, ಸಾಲ ಕೊಟ್ಟವರು ಮಾತ್ರ ಬಾಗಿಲಿಗೆ ಬರುವುದನ್ನು ಈ ಸೀಮೆಯ ಹಿರಿಯರೆಲ್ಲ ನೋಡಿದ್ದಾರೆ. ನಾಲ್ಕನೇ ಪುಟದಿಂದ ದಿನದ ಖರ್ಚು.